ಗಾಲಿಯಿಲ್ಲದ ಬಾಕಿದಾರ

ಮಾರ್ಚ್ ತಿಂಗಳಲ್ಲಿ ನಮ್ಮ ಆರ್‌ಟಿಒ ಕಚೇರಿಯಲ್ಲಿ ಯಾರೂ ನೆಟ್ಟಗೆ ಊಟ ಮಾಡುವುದಿಲ್ಲ. ವಾರಕ್ಕೆರಡು ವಿಡಿಯೊ ಕಾನ್ಫರೆನ್ಸ್, ಪ್ರತಿಯೊಂದರಲ್ಲೂ ತೆರಿಗೆ ವಸೂಲಿಯ ಗುರಿ ಎಷ್ಟು, ಸಾಧನೆ ಎಷ್ಟು, ಶೇಕಡಾ ಎಷ್ಟು ಎಂಬ ಅದೇ ಮೂರು ಪ್ರಶ್ನೆ. 2024ರ ಮಾರ್ಚ್‌ನಲ್ಲಿ ನಮ್ಮ ಶೇಕಡಾ ಹೇಳಿಕೊಳ್ಳುವಂತಿರಲಿಲ್ಲ. ತೆರಿಗೆ ಶಾಖೆಯ ಅಧೀಕ್ಷಕಿ ನಾನು. ಸಾಹೇಬರು ಡಿಸಿಬಿ ಪಟ್ಟಿಯನ್ನು, ಅಂದರೆ ಯಾವ ಗಾಡಿಯಿಂದ ಎಷ್ಟು ತೆರಿಗೆ ಬರಬೇಕು, ಎಷ್ಟು ಬಂತು, ಎಷ್ಟು ಬಾಕಿ ಎಂಬ ಲೆಕ್ಕವನ್ನು, ನನ್ನ ಮೇಜಿನ ಮೇಲೆ ಹಾಕಿ, "ಮೇಲಿನ ಹತ್ತು ಗಾಡಿ ಹಿಡಿದು ತನ್ನಿ, ಉಳಿದದ್ದು ಆಮೇಲೆ ನೋಡೋಣ" ಎಂದರು.

ಪಟ್ಟಿಯ ನೆತ್ತಿಯ ಮೇಲೆ ಹತ್ತು ಚಕ್ರದ ಒಂದು ಲಾರಿ ಕುಳಿತಿತ್ತು. 50 ಕ್ವಾರ್ಟರ್, ಅಂದರೆ ಐವತ್ತು ತ್ರೈಮಾಸಿಕಗಳ ತೆರಿಗೆ ಬಾಕಿ. ದಂಡ ಸೇರಿ ಮೊತ್ತ ಲಕ್ಷಗಳಲ್ಲಿ.

ಪರದೆಯ ಮೇಲೆ ಇನ್ನೂ ಮೂರು ಸಾಲುಗಳಿದ್ದವು. ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯವೆಂಬ ಪತ್ರ, ಮುಗಿದದ್ದು 2011. ವಿಮೆ 2011. ಬೇರೆ ರಾಜ್ಯಗಳಿಗೆ ಹೋಗಲು ಬೇಕಾದ ನ್ಯಾಷನಲ್ ಪರ್ಮಿಟ್‌ನ ಆಥರೈಸೇಶನ್ 2011. ಅವನ್ನು ನಾನು ಓದಲಿಲ್ಲವೆಂದಲ್ಲ. ಓದಿದೆ, ಅರ್ಥ ಮಾಡಿಕೊಂಡದ್ದು ತಿರುಗುಮುರುಗು. "ಹನ್ನೆರಡು ವರ್ಷದಿಂದ ಒಂದು ಕಾಗದವೂ ಇಲ್ಲದೆ ಓಡಿಸುತ್ತಿದ್ದಾನೆ, ಎಂಥ ಗಟ್ಟಿ ಆಸಾಮಿ ಇರಬೇಕು!" ಎಂದು ಇನ್‌ಸ್ಪೆಕ್ಟರರಿಗೆ ಹೇಳಿದವಳು ನಾನೇ. ಎಂಟು ವರ್ಷ ದಾಟಿದ ಲಾರಿಗೆ ವರ್ಷವರ್ಷವೂ ಎಫ್‌ಸಿ ಬೇಕು, ತೆರಿಗೆ ಕಟ್ಟದಿದ್ದರೆ ಎಫ್‌ಸಿ ಇಲ್ಲ. ರಾಜ್ಯದ ಗಡಿ ದಾಟಬೇಕಾದರೆ ವರ್ಷಕ್ಕೆ 16,500 ರೂಪಾಯಿ ಕಟ್ಟಬೇಕು. ಟೋಲ್ ದಾಟಬೇಕಾದರೆ ಫಾಸ್ಟ್ಯಾಗ್ ಬೇಕು. ಓಡುವ ಲಾರಿ ಯಾವುದೋ ಒಂದು ಕಿಟಕಿಯ ಮುಂದೆ ಬಂದು ನಿಲ್ಲಲೇಬೇಕು. ಹನ್ನೆರಡು ವರ್ಷ ಎಲ್ಲಿಯೂ ಬಂದು ನಿಲ್ಲದ ಲಾರಿ ಓಡುತ್ತಲೇ ಇಲ್ಲ ಎಂದು ಹೊಳೆಯಲು ಅಧೀಕ್ಷಕಿಯೇ ಆಗಬೇಕಿರಲಿಲ್ಲ.

ಹಾಗೆ ನೋಡಿದರೆ 2011 ಎಂಬ ಇಸವಿಯೇ ಸಾಕಿತ್ತು. ನಮ್ಮದು ಗಣಿ ಸೀಮೆ. ಆ ವರ್ಷ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನಲ್ಲೂ ನಿಲ್ಲಿಸಿತು. ಅದಿರು ತುಂಬಿಕೊಂಡು ಬೇಲೆಕೇರಿ ಬಂದರಿನ ಕಡೆ ಸಾಲುಗಟ್ಟುತ್ತಿದ್ದ ಲಾರಿಗಳು ಮನೆಗಳ ಮುಂದೆ ಬಂದು ನಿಂತವು. ಹೊಲ ಅಡವಿಟ್ಟು ಲಾರಿ ಕೊಂಡಿದ್ದವರು ಎಷ್ಟು ಜನವೋ. ಗಾಡಿ ಓಡಿಸುತ್ತಿಲ್ಲ, ತೆರಿಗೆ ಹಾಕಬೇಡಿ ಎಂಬ ನಾನ್‌ಯೂಸ್ ಅರ್ಜಿ ಕೊಡಲು ನಮ್ಮ ಕಚೇರಿಯ ಮುಂದೆ ಗೇಟಿನ ತನಕ ಸಾಲು ನಿಲ್ಲುತ್ತಿತ್ತು. ಆಗ ನಾನು ಅಲ್ಲಿಯೇ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ), ಟಪಾಲು ಶಾಖೆ. ಆಮೇಲೆ ನಾಲ್ಕು ಊರು ಸುತ್ತಿ ಅದೇ ಕಚೇರಿಗೆ ಮರಳಿದ್ದೇನೆ. ಅದೆಲ್ಲ ಗೊತ್ತಿದ್ದೂ ಆ ದಿನ ತಲೆಗೆ ಹತ್ತಲಿಲ್ಲ. ತಲೆಯ ತುಂಬ ಶೇಕಡಾವಾರು.

ಜೀಪಿನಲ್ಲಿ ನಾಲ್ವರು ಹೋದೆವು: ಇನ್‌ಸ್ಪೆಕ್ಟರ್, ಚಾಲಕ, ಒಬ್ಬ ಹೋಂಗಾರ್ಡ್, ನಾನು. ಸಾಮಾನ್ಯವಾಗಿ ನಾನು ಫೀಲ್ಡಿಗೆ ಹೋಗುವವಳಲ್ಲ. ಮೊದಲ ಹೆಸರಿನ ವಸೂಲಿ ಕಣ್ಣಾರೆ ನೋಡಬೇಕೆಂಬ ಹುಕಿ.

ಲಾರಿ ಹಿತ್ತಲಲ್ಲಿತ್ತು. ಹತ್ತು ಗಾಲಿಗಳಲ್ಲಿ ಒಂದೂ ಇರಲಿಲ್ಲ, ಆಕ್ಸಲ್‌ಗಳ ಕೆಳಗೆ ಸೈಜುಗಲ್ಲು ಕೊಟ್ಟಿದ್ದರು. ಹಿಂದೆ ಜೋಳದ ಮೇವು ಒಟ್ಟಿತ್ತು. ಮನೆಯ ಯಜಮಾನರು ಕಟ್ಟೆಯಿಂದ ಎದ್ದು ಬಂದು, ನಮ್ಮನ್ನು ಫೈನಾನ್ಸ್‌ನವರೆಂದು ತಿಳಿದು, "ಸಾಲ ತೀರಿ ಎಷ್ಟೋ ವರ್ಷವಾಯಿತಲ್ಲ, ಮತ್ತೇಕೆ ಬಂದಿರಿ?" ಎಂದರು. ತೆರಿಗೆ ಬಾಕಿ ಎಂದಾಗ ಅವರಿಗೆ ಅರ್ಥವೇ ಆಗಲಿಲ್ಲ.

ಹಿಂದಿನ ವಾರವಷ್ಟೇ ಇನ್ನೊಂದು ಊರಲ್ಲಿ ನಾವು ಬರುವ ಸುದ್ದಿ ತಿಳಿದು ರಾತ್ರೋರಾತ್ರಿ ಟೈರ್ ಬಿಚ್ಚಿಟ್ಟವನನ್ನು ಕಂಡಿದ್ದೆ. ಆ ಸಿಟ್ಟು ಇಲ್ಲಿ ಹರಿಯಿತು. "ಗಾಲಿ ಬಿಚ್ಚಿಟ್ಟು ನಾಟಕ ಆಡುತ್ತೀರಾ ಯಜಮಾನರೇ? ಇಂಥವನ್ನು ನಾವು ಬೇಕಾದಷ್ಟು ನೋಡಿದ್ದೇವೆ" ಎಂದುಬಿಟ್ಟೆ. ಕಲ್ಲುಗಳ ಸುತ್ತ ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು. ಒಂದು ರಾತ್ರಿಯಲ್ಲಿ ಅಷ್ಟು ಹುಲ್ಲು ಬೆಳೆಯುವುದಿಲ್ಲ. ಇನ್‌ಸ್ಪೆಕ್ಟರರ ಕಣ್ಣು ಆ ಹುಲ್ಲಿನ ಮೇಲೆಯೇ ಇತ್ತು. ನನಗೆ ಕಂಡದ್ದು ನಂಬರ್ ಪ್ಲೇಟ್ ಮಾತ್ರ.

ಮುದುಕರು ಮಾತನಾಡಲಿಲ್ಲ. ಅವರ ಹೆಂಡತಿ ಒಳಗೆ ಹೋದರು. ಹತ್ತು ನಿಮಿಷವಾದರೂ ಬರಲಿಲ್ಲ. ಪಕ್ಕದ ಮನೆಗಳವರು ಒಬ್ಬೊಬ್ಬರಾಗಿ ಸೇರಿದರು. ಟ್ರಂಕು ಎಳೆದಾಡುವ ಸದ್ದು ಹೊರಗೆ ಕೇಳುತ್ತಿತ್ತು. ನಾನು ಮಹಜರು ಹಾಳೆ ತೆಗೆದು, ಕ್ರೇನ್‌ಗೆ ಫೋನ್ ಮಾಡಲು ಹೇಳಿದೆ. ಇನ್‌ಸ್ಪೆಕ್ಟರ್ ಮೊಬೈಲನ್ನು ಕೈಯಲ್ಲಿ ಹಿಡಿದೇ ನಿಂತರು, ಕರೆ ಮಾಡಲಿಲ್ಲ. ಅಷ್ಟರಲ್ಲಿ ಚಾಲಕನ ಬದಿಯ ಕಿಟಕಿಯಿಂದ ಒಂದು ಹೇಂಟೆ ಧುಮುಕಿ, ಮೊಟ್ಟೆ ಇಟ್ಟ ಹೆಮ್ಮೆಯಲ್ಲಿ ಕೂಗುತ್ತಾ ನನ್ನ ಕಾಲ ಬಳಿ ಹಾದುಹೋಯಿತು. ಜನರಲ್ಲಿ ಯಾರೋ ನಕ್ಕರು. ನನಗೆ ಮತ್ತಷ್ಟು ಸಿಟ್ಟು ಬಂತು.

ಹೆಂಗಸು ಬಟ್ಟೆ ಅಂಗಡಿಯ ಹಳೆಯ ಕವರ್ ಹಿಡಿದು ಬಂದರು. ಒಳಗೆ ಒಂದೇ ಹಾಳೆ. ನಾನ್‌ಯೂಸ್ ಅರ್ಜಿಗೆ ನಮ್ಮ ಕಚೇರಿ ಕೊಟ್ಟ ಸ್ವೀಕೃತಿ ಪ್ರತಿ: ಆರ್‌ಸಿ, ಟ್ಯಾಕ್ಸ್ ಕಾರ್ಡ್ ಒಪ್ಪಿಸಿದ ನಮೂದು, ಗಾಡಿ ನಿಲ್ಲಿಸುವ ಜಾಗ, 2011ರ ಸೆಪ್ಟೆಂಬರ್ ತಿಂಗಳ ಗುಂಡು ಮೊಹರು, ಮೊಹರಿನ ಮೇಲೆ ಒಂದು ಚಿಕ್ಕ ಸಹಿ.

ನಮ್ಮ ಚಾಲಕ ಬಗ್ಗಿ ನೋಡಿ, "ಮೇಡಂ, ಇದು ನಿಮ್ಮದೇ ಸಹಿ ಅಲ್ಲವೇ?" ಎಂದ. ತಗ್ಗಿದ ದನಿಯಲ್ಲಿ ಹೇಳುವುದು ಆತನಿಗೆ ಬಾರದು.

ಹೌದು, ನನ್ನದೇ. ಕೊನೆಯ ಗೆರೆಯನ್ನು ಬಾಲದಂತೆ ಮೇಲಕ್ಕೆ ಎಳೆಯುವ ಚಾಳಿ ಇಂದಿಗೂ ಬಿಟ್ಟಿಲ್ಲ.

ಆಕೆ, "ಅವತ್ತು ಕೊಟ್ಟವರೇ ಹೇಳಿದ್ದರಮ್ಮಾ, ಇದನ್ನು ಕಳೆಯಬೇಡಿ ಎಂದು" ಎಂದರು. ಕುಡಿಯಲು ಮಜ್ಜಿಗೆಯನ್ನೂ ತಂದುಕೊಟ್ಟರು. ಅದನ್ನು ಕುಡಿದೆನೋ ಇಲ್ಲವೋ ನೆನಪಿಲ್ಲ.

ಮರುದಿನ ಟಪಾಲು ರಿಜಿಸ್ಟರ್ ಹುಡುಕಿಸಿದೆ. ಸಾಲು ಸಿಕ್ಕಿತು: ತೆರಿಗೆ ಶಾಖೆಗೆ ರವಾನೆ. ಅಲ್ಲಿಂದ ಮುಂದೆ ಆ ಅರ್ಜಿ ಎಲ್ಲಿಗೂ ಹೋಗಿಲ್ಲ. ಗಾಡಿಗಳ ವಿವರ ಬರೆದಿಡುವ ಬಿ ರಿಜಿಸ್ಟರ್‌ನಲ್ಲಿ ನಮೂದಾಗಲಿಲ್ಲ. ದಾಖಲೆಗಳನ್ನು ವಾಹನ್-4 ಎಂಬ ತಂತ್ರಾಂಶಕ್ಕೆ ಏರಿಸುವಾಗ ರಿಜಿಸ್ಟರ್‌ನಲ್ಲಿ ಇಲ್ಲದ್ದು ಪರದೆಗೂ ಬರಲಿಲ್ಲ. ಅಂದಿನಿಂದ ತಂತ್ರಾಂಶ ನಿಯತ್ತಾಗಿ ಕ್ವಾರ್ಟರ್‌ಗೊಮ್ಮೆ ಬಾಕಿ ಕೂಡಿಸುತ್ತಾ ಬಂದಿದೆ.

ಆರ್‌ಸಿ ರದ್ದು ಮಾಡಿಸಿದ್ದರೆ ಮುಗಿಯುತ್ತಿತ್ತಲ್ಲ ಎನ್ನಬಹುದು. ಗಾಡಿ ಕೆಲಸಕ್ಕೆ ಬಾರದಂತಾದರೆ ಹದಿನಾಲ್ಕು ದಿನದೊಳಗೆ ತಿಳಿಸಬೇಕೆಂದು ಕೇಂದ್ರದ ಕಾಯ್ದೆ ಹೇಳುತ್ತದೆ. ಆದರೆ ರದ್ದು ಮಾಡಲು ತೆರಿಗೆ ಬಾಕಿ ಇರಬಾರದು, ಬಾಕಿ ಬೆಳೆಯುವುದು ನಿಲ್ಲಲು ರದ್ದಾಗಬೇಕು. ಜೊತೆಗೆ ನಮ್ಮ 1957ರ ತೆರಿಗೆ ಕಾಯ್ದೆಯ ವಿವರಣೆಯ ಪ್ರಕಾರ ನೋಂದಣಿ ಚಾಲ್ತಿಯಲ್ಲಿರುವ ತನಕ ವಾಹನವನ್ನು ರಸ್ತೆಯಲ್ಲಿ ಓಡಲು ಯೋಗ್ಯವೆಂದೇ ಭಾವಿಸತಕ್ಕದ್ದು. ಕೋಳಿ ಮೊಟ್ಟೆ ಇಟ್ಟರೂ ಸರಿಯೇ.

ನಾನು ವರದಿ ಬರೆದೆ. ಸ್ವೀಕೃತಿಗೆ ಸಹಿ ಹಾಕಿದವಳು ನಾನೇ ಎಂದೂ ಬರೆದೆ. ಸಾಹೇಬರು ಓದಿ ಕನ್ನಡಕ ತೆಗೆದರು. "ನಿಮ್ಮ ಹೆಸರನ್ನೇಕೆ ಹಾಕಿದಿರಿ? 'ಅಂದಿನ ವಿಷಯ ನಿರ್ವಾಹಕರು' ಎಂದಿದ್ದರೆ ಸಾಲದಿತ್ತೇ?" ಕಡತ ಮೇಲಿನ ಕಚೇರಿಗೆ ಹೋಯಿತು. ಅಲ್ಲಿಂದ ಎರಡು ಬಾರಿ ಸ್ಪಷ್ಟನೆ ಕೇಳಿದ್ದಾರೆ. ಈ ನಡುವೆ ಮಹಾಲೇಖಪಾಲರ (ಎಜಿ) ಆಡಿಟ್‌ನವರು ಬಂದು, ಅತಿ ದೊಡ್ಡ ಬಾಕಿದಾರನ ಮೇಲೆ ಜಪ್ತಿ ಕ್ರಮ ಏಕಿಲ್ಲ ಎಂದು ಹಾಫ್ ಮಾರ್ಜಿನ್, ಅಂದರೆ ಲಿಖಿತ ಆಕ್ಷೇಪಣೆ, ಕೊಟ್ಟು ಹೋಗಿದ್ದಾರೆ.

ಎಫ್‌ಸಿ, ವಿಮೆ, ಪರ್ಮಿಟ್ ಮೂರೂ ಒಂದೇ ಕಾಲಕ್ಕೆ ಸತ್ತಿದ್ದರೆ ಜೀಪು ಕಳಿಸಬೇಡಿ, ಮೊದಲು ಕಾಗದ ಬರೆಯಿರಿ ಎಂದು ಈಗ ಶಾಖೆಯಲ್ಲಿ ಹೇಳಿಟ್ಟಿದ್ದೇನೆ. ಅಂಥ ಗಾಡಿಗಳನ್ನು ಪಟ್ಟಿಯಲ್ಲೇ ಬೇರೆ ಮಾಡಿ ತೋರಿಸಿ ಎಂದು ತಂತ್ರಾಂಶದವರನ್ನೂ ಕೇಳಿದೆ. "ನಿಮ್ಮ ಕೋರಿಕೆ ದಾಖಲಾಗಿದೆ" ಎಂಬ ಉತ್ತರ ಬಂದಿದೆ. ಹೀಗಾಗಿ ಕೈಯಿಂದಲೇ ಬೇರ್ಪಡಿಸುತ್ತೇವೆ, ತಿಂಗಳಿಗೆ ಎರಡು ದಿನ ಅದಕ್ಕೇ ಹೋಗುತ್ತದೆ.

ಕಳೆದ ವಾರ ಹೊಸದಾಗಿ ಬಂದ ಇನ್‌ಸ್ಪೆಕ್ಟರ್ ಪಟ್ಟಿ ಕೇಳಿದರು. ಮೊದಲ ಸಾಲಿನಲ್ಲಿ ಅದೇ ನಂಬರ್, ಬಾಕಿ ಇನ್ನಷ್ಟು ಬೆಳೆದಿದೆ. ಷರಾ ಕಲಮಿನಲ್ಲಿ "ಹೋಗಬೇಡಿ, ಕೋಳಿಗಳಿವೆ" ಎಂದು ಪೆನ್ಸಿಲ್‌ನಲ್ಲಿ ಬರೆದು ಕೊಟ್ಟೆ.