"ಅಮ್ಮ ಬೇಡ, ಬಸ್ಸಲ್ಲಿ ಒಬ್ಬನೇ ಹೋಗ್ತೀನಿ"

ಟೆಕ್ಸಾಸಿನ ನಮ್ಮ ಬೀದಿಯಲ್ಲಿ ಒಂದು ಕನ್ನಡದ ಮನೆಯಿದೆ. ಮಗನಿಗೆ ಆಟಿಸಂ, ಈಗ 14 ವರ್ಷ. ಹೋದ ವಾರ ಶಾಲೆಯ ಸಭೆಯಲ್ಲಿ ಟೀಚರು ಅವನನ್ನೇ ಕೇಳಿದರಂತೆ, ದೊಡ್ಡವನಾದ ಮೇಲೆ ಏನು ಮಾಡ್ತೀಯ ಎಂದು. ಕಂಪ್ಯೂಟರ್ ಅಂತಾನೆ ಎಂದುಕೊಂಡಿದ್ದರು ಹೆತ್ತವರು. "ಬಸ್ಸಲ್ಲಿ ಒಬ್ಬನೇ ಹೋಗ್ತೀನಿ, ಅಮ್ಮ ಬೇಡ" ಅಂದ. ಅಮ್ಮನ ಕಣ್ಣು ತುಂಬಿತು.

ಇಡೀ ಯೋಜನೆ ನಿಲ್ಲಬೇಕಾದದ್ದು ಆ ಮಾತಿನ ಮೇಲೆಯೇ. ಶಾಲೆಯ ನಂತರದ ಬದುಕನ್ನು ಮಗುವಿನ ಐಇಪಿಯಲ್ಲಿ (ಆ ಮಗುವಿಗೆಂದೇ ಶಾಲೆ ಬರೆಯುವ ಶಿಕ್ಷಣ ಯೋಜನೆ) 16ರ ಹೊತ್ತಿಗೆ ಬರೆದಿರಬೇಕು ಎನ್ನುತ್ತದೆ ಅಮೆರಿಕದ ವಿಶೇಷ ಶಿಕ್ಷಣ ಕಾನೂನು. ಟೆಕ್ಸಾಸಿನಲ್ಲಿ 14ಕ್ಕೇ ಶುರು. "ಸಮಾಜದಲ್ಲಿ ಬೆರೆಯುತ್ತಾನೆ" ಎಂಬಂಥ ಗುರಿಗೆ ಒಪ್ಪಬೇಡಿ, ಅದನ್ನು ಅಳೆಯಲಾಗದು. "ಮನೆಯಿಂದ ಲೈಬ್ರರಿಗೆ ಬಸ್ಸಲ್ಲಿ, ಯಾರೂ ನೆನಪಿಸದೆ, 5ರಲ್ಲಿ 4 ಸಲ" ಎಂದು ಬರೆಸಿ. ಆಮೇಲೆ ಅದನ್ನು ಚಿಕ್ಕ ಹೆಜ್ಜೆಗಳಾಗಿ ಬಿಡಿಸಿ: ಬಸ್ ನಂಬರು ಗುರುತಿಸುವುದು, ಕಾರ್ಡ್ ಒತ್ತುವುದು, ಇಳಿಯುವ ಮುಂಚಿನ ಗುರುತು ಹಿಡಿಯುವುದು, ಗಂಟೆ ಒತ್ತುವುದು. ಕಲಿಸುವವರು ಮೊದಲು ಪಕ್ಕದ ಸೀಟಿನಲ್ಲಿ, ಆಮೇಲೆ ನಾಲ್ಕು ಸೀಟು ಹಿಂದೆ, ಕೊನೆಗೆ ಇಳಿಯುವ ಸ್ಟಾಪಿನಲ್ಲಿ. ಸಾಮಾನ್ಯವಾಗಿ ಕೆಡುವುದು ಬಸ್ಸು ಹತ್ತುವಾಗಲ್ಲ, ಬಸ್ಸು ತಪ್ಪಿದಾಗ, ದಾರಿ ಬದಲಾದಾಗ, ಫೋನು ಸತ್ತಾಗ. ಇವನ್ನು ಬೇಕೆಂದೇ ಮಾಡಿಸಿ ಅಭ್ಯಾಸ ಮಾಡಿಸಬೇಕು.

18ಕ್ಕೆ ಶಾಲೆಯ ನಿರ್ಧಾರಗಳ ಹಕ್ಕು ಮಗುವಿಗೆ ಹೋಗುತ್ತದೆ. ಗಾಬರಿಯಾಗಿ ಅನೇಕರು ಕೋರ್ಟಿಗೆ ಓಡಿ, ಮಗುವಿನ ನಿರ್ಧಾರಗಳನ್ನೆಲ್ಲ ತಾವೇ ಮಾಡುವ ಪೂರ್ಣ ಪೋಷಕತ್ವ ಕೇಳುತ್ತಾರೆ. ಅದಕ್ಕೂ ಮೊದಲು, ನಿರ್ಧಾರ ಮಗುವಿನದೇ ಆಗಿದ್ದು ನಂಬಿದವರೊಬ್ಬರು ನೆರವಾಗುವ ಒಪ್ಪಂದವನ್ನು ನೋಡಿ. ಅಮೆರಿಕದಲ್ಲಿ ಇದಕ್ಕೆ ಮೊದಲ ಕಾನೂನು ಮಾಡಿದ್ದು ಟೆಕ್ಸಾಸೇ, 2015ರಲ್ಲಿ. ಇನ್ನೊಂದು ಕಡೆ ತುಂಬ ಎಚ್ಚರ ಬೇಕು. ಮಾಮೂಲಿ ಹೈಸ್ಕೂಲ್ ಡಿಪ್ಲೊಮಾ ಕೈಗೆ ಬಂದರೆ ಉಚಿತ ವಿಶೇಷ ಶಿಕ್ಷಣದ ಹಕ್ಕು ಅಲ್ಲಿಗೆ ಮುಗಿಯಿತು. ಕೆಲಸ, ಅಡುಗೆ, ಬಸ್ಸು ಕಲಿಸುವ ಮುಂದಿನ ವರ್ಷಗಳು ಬೇಕಿದ್ದರೆ ಡಿಪ್ಲೊಮಾ ತೆಗೆದುಕೊಳ್ಳುವ ಮುನ್ನವೇ ಸಭೆಯಲ್ಲಿ ತೀರ್ಮಾನವಾಗಬೇಕು.

ನಮ್ಮವರಿಗೆ ಇನ್ನೊಂದು ಗಂಟಿದೆ. ಶಾಲೆಯ ಹಕ್ಕಿಗೆ ವೀಸಾ ಲೆಕ್ಕಕ್ಕಿಲ್ಲ. ಅಂಗವಿಕಲರ ಸರ್ಕಾರಿ ಮಾಸಾಶನ ಎಚ್-4 ವೀಸಾದ (ಕೆಲಸದ ವೀಸಾದಲ್ಲಿರುವ ಹೆತ್ತವರ ಜೊತೆ ಬಂದ) ಮಕ್ಕಳಿಗೆ ಸಿಗದು. 21ಕ್ಕೆ ಆ ವೀಸಾವೂ ಮುಗಿಯುತ್ತದೆ. ಹಾಗಾಗಿ ಊರಿನ, ಅಂದರೆ ಭಾರತದ, ದಾರಿಯನ್ನೂ ಈಗಲೇ ತಿಳಿದಿರಬೇಕು.

ಊರಿನಲ್ಲಿ ಕಾನೂನಿಲ್ಲ ಎಂದಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಕಲತೆ ಇರುವವರಿಗೆ 18ರ ನಂತರ ಪೋಷಕರನ್ನು ನೇಮಿಸಲು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಜಿಲ್ಲಾ ಸಮಿತಿಯಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 6ರಿಂದ 18ರವರೆಗೆ ಉಚಿತ ಶಿಕ್ಷಣ ಕೊಡುತ್ತದೆ. ಆಮೇಲೆ? "ನಾವಿರೋವರೆಗೆ ನೋಡ್ಕೋತೀವಿ" ಎನ್ನುವ ಅಮ್ಮಂದಿರು ಪ್ರತಿ ಊರಲ್ಲೂ ಇದ್ದಾರೆ. ಅವರ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೆ 14 ವರ್ಷದ ಆ ಮಗುವನ್ನು ಕೂರಿಸಿಕೊಂಡು ನಿನಗೇನು ಬೇಕು ಎಂದು ಕೇಳಿ, ಅದನ್ನು ಬರೆದಿಟ್ಟುಕೊಳ್ಳುವ ಕುರ್ಚಿ ನಮ್ಮಲ್ಲಿ ಯಾರದು? ರಿಯಾಯಿತಿ ಬಸ್ ಪಾಸನ್ನು ಸರ್ಕಾರ ಕೊಡುತ್ತದೆ. ಅದನ್ನು ಹಿಡಿದು ಒಬ್ಬನೇ ಹತ್ತಿ, ಸರಿಯಾದ ಸ್ಟಾಪಿನಲ್ಲಿ ಇಳಿಯುವುದನ್ನು ಕಲಿಸುವ ಕೆಲಸ ಇವತ್ತಿಗೂ ಅಮ್ಮನೊಬ್ಬಳ ಮೇಲೇ ಇದೆ.