ಮಾರ್ಕ್ ಟ್ವೇನ್ ಕಂಡ ನಮ್ಮ ಕಾಗೆ

ಸಾಲ ತೀರಿಸಲು ದೇಶ ದೇಶ ಸುತ್ತಿ ಭಾಷಣ ಮಾಡುತ್ತಿದ್ದ ಅಮೆರಿಕದ ಹಾಸ್ಯ ಲೇಖಕ ಮಾರ್ಕ್ ಟ್ವೇನ್ 1896ರಲ್ಲಿ ಭಾರತಕ್ಕೂ ಬಂದಿದ್ದರು. ಆ ಪ್ರವಾಸದ ಪುಸ್ತಕ ಓದುತ್ತಿದ್ದೇನೆ. ಮುಂಬೈ ಹೋಟೆಲಿನ ಕಾಗೆಗಳ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದಾರೆ ಗೊತ್ತಾ! ಬಾಲ್ಕನಿ ಕಂಬಿಯ ಮೇಲೆ ಕೂತು ಇವರ ಬಟ್ಟೆ, ಕೂದಲು, ಮೈಬಣ್ಣ, ಕಸುಬು ಎಲ್ಲದರ ಬಗ್ಗೆ ಚರ್ಚೆ ಮಾಡುತ್ತವಂತೆ. ನಾವು ಪಿತೃಪಕ್ಷದಲ್ಲಿ ಮಾತ್ರ ಕಾದು ಕರೆಯುವ ಕಾಗೆ! ಓದಿ ಮನಸಾರೆ ನಕ್ಕೆ.

ಅದೇ ಹೋಟೆಲಿನಲ್ಲಿ ಒಬ್ಬ ಜರ್ಮನ್, ಭಾರತೀಯ ಕೆಲಸದವನ ಕೆನ್ನೆಗೆ ಹೊಡೆಯುತ್ತಾನೆ. ಅಲ್ಲಿ ಟ್ವೇನ್ ನಗಿಸುವುದಿಲ್ಲ. ಬಾಲ್ಯದಲ್ಲಿ ಕಂಡ ಗುಲಾಮರನ್ನು ನೆನೆಯುತ್ತಾರೆ. ನನಗೆ ಅವರು ತುಂಬಾ ಇಷ್ಟವಾದದ್ದು ಅಲ್ಲೇ. ಹೊರಗಿನವರು ನಮ್ಮನ್ನು ನೋಡಿ ನಕ್ಕರೆ ಸಿಟ್ಟು ಬರುತ್ತದೆ, ಅಲ್ವಾ? ಇವರ ಮೇಲೆ ಬರಲಿಲ್ಲ. ಕಾಶಿಯ ಭಾಗ ಇನ್ನೂ ಬಾಕಿ ಇದೆ.