ಒಮಾನ್ ಪ್ರವಾಸ: ಮೊದಲು ವಾರ ನೋಡಿ, ಆಮೇಲೆ ಗಾಡಿ, ಕೊನೆಗೆ ನಕ್ಷೆ

ಒಮಾನ್ ನಕ್ಷೆ ಮುಂದಿಟ್ಟುಕೊಂಡರೆ ಎಲ್ಲವೂ ಹತ್ತಿರ ಎನಿಸುತ್ತದೆ. ಮಸ್ಕತ್‌ನಿಂದ ನಿಜ್ವಾ ಸುಮಾರು 160 ಕಿ.ಮೀ., ಸೂರ್ 200 ಕಿ.ಮೀ., ನಡುವೆ ಹಾಸಿದಂಥ ಹೆದ್ದಾರಿ. ಆದರೂ ಇಲ್ಲಿ ಪ್ಲಾನ್ ಕೆಡುವುದು ಮಾಮೂಲು, ಕಾರಣ ದೂರವಲ್ಲ. ಶುಕ್ರವಾರ ಮುಚ್ಚಿದ ಮಸೀದಿ, ಫೋರ್ ವ್ಹೀಲ್ ಡ್ರೈವ್ ಇಲ್ಲದೆ ಚೆಕ್‌ಪೋಸ್ಟ್‌ನಿಂದ ವಾಪಸ್ ಬಂದ ಕಾರು, ಮಧ್ಯಾಹ್ನ ಎರಡು ಗಂಟೆಗೆ ಕಣಿವೆ ತಲುಪಿದ ಕುಟುಂಬ: ಕೆಡುವುದು ಇಂಥ ಕಡೆ. ಆದ್ದರಿಂದ ಹೋಟೆಲ್ ಬುಕ್ ಮಾಡುವ ಮೊದಲು ಕ್ಯಾಲೆಂಡರ್ ತೆಗೆಯಿರಿ.

ಹೋಗಬೇಕಾದ್ದು ನವೆಂಬರ್‌ನಿಂದ ಮಾರ್ಚ್ ಒಳಗೆ. ಏಪ್ರಿಲ್ ಕೊನೆಯಿಂದಲೇ ಬಯಲು ಸೀಮೆ ಕಾಯತೊಡಗುತ್ತದೆ, ಜೂನ್‌ನಲ್ಲಿ 45 ಡಿಗ್ರಿ ದಾಟುತ್ತದೆ. ಆಗ ಕೋಟೆಯ ಮೆಟ್ಟಿಲು ಹತ್ತುವುದೇ ಶಿಕ್ಷೆ. ಇನ್ನೊಂದು ಲೆಕ್ಕ ರಮ್ಜಾನ್‌ದು. 2026 ಮತ್ತು 2027ರಲ್ಲಿ ಅದು ಫೆಬ್ರುವರಿ, ಮಾರ್ಚ್ ಕಡೆಗೇ ಬೀಳುತ್ತದೆ, ಅಂದರೆ ಒಳ್ಳೆಯ ಹವೆಯ ತಿಂಗಳುಗಳಲ್ಲೇ. ಹಗಲು ಊಟದ ಹೋಟೆಲುಗಳು ಬಹುಪಾಲು ಮುಚ್ಚಿರುತ್ತವೆ, ಕೋಟೆಗಳ ಸಮಯ ಕಡಿತವಾಗುತ್ತದೆ, ಸಾರ್ವಜನಿಕವಾಗಿ ನೀರು ಕುಡಿಯುವುದೂ ಸಲ್ಲದು. ಮಕ್ಕಳನ್ನು ಕರೆದುಕೊಂಡು ಹೋಗುವವರು ಡಿಸೆಂಬರ್ ಹಿಡಿಯುವುದು ಮೇಲು.

ವೀಸಾ ನಿಯಮ ಭಾರತೀಯರಿಗೆ ಎಲ್ಲರಿಗೂ ಒಂದೇ ಅಲ್ಲ. ಅಮೆರಿಕ, ಬ್ರಿಟನ್, ಷೆಂಗೆನ್ ಮುಂತಾದ ವೀಸಾ ಇದ್ದವರ ದಾರಿ ಬೇರೆ, ಇಲ್ಲದವರದು ಬೇರೆ. ಟಿಕೆಟ್ ಕೊಳ್ಳುವ ಮೊದಲು ರಾಯಲ್ ಒಮಾನ್ ಪೊಲೀಸ್‌ನ ಇ-ವೀಸಾ ಪೋರ್ಟಲ್‌ನಲ್ಲಿ ನಿಮ್ಮ ವರ್ಗ ಯಾವುದೆಂದು ನೋಡಿಕೊಳ್ಳಿ. ಪಾಸ್‌ಪೋರ್ಟ್ ಅವಧಿ ಕನಿಷ್ಠ ಆರು ತಿಂಗಳಿರಲಿ. ಬೆಂಗಳೂರು, ಮಂಗಳೂರು ಎರಡರಿಂದಲೂ ಮಸ್ಕತ್‌ಗೆ ನೇರ ವಿಮಾನಗಳಿವೆ. ಕರಾವಳಿಯ ಎಷ್ಟೋ ಮನೆಗಳಿಗೆ ಅದು ದೂರದೂರೇನಲ್ಲ. ಒಂದು ರಿಯಾಲ್ ಅಂದರೆ 220 ರೂಪಾಯಿಗೂ ಹೆಚ್ಚು, ಅದರಲ್ಲಿ 1000 ಬೈಸಾ. ‘ಐದು ರಿಯಾಲ್ ತಾನೇ’ ಅನ್ನುವ ಮುನ್ನ ಗುಣಿಸಿ ನೋಡಿ.

ಈಗ ಗಾಡಿ. ಕೋಟೆ, ಕರಾವಳಿ, ವಾದಿ ಶಾಬ್ (ವಾದಿ ಅಂದರೆ ಕಣಿವೆ) ಇಷ್ಟೇ ಆದರೆ ಸಣ್ಣ ಕಾರು ಸಾಕು. ಜಬಲ್ ಅಖ್ದರ್ ಬೆಟ್ಟ ಹತ್ತಬೇಕೆಂದರೆ ಫೋರ್ ವ್ಹೀಲ್ ಡ್ರೈವ್ ಕಡ್ಡಾಯ. ಬಿರ್ಕತ್ ಅಲ್ ಮೌಜ್ ಊರು ದಾಟಿದ ಮೇಲೆ ಪೊಲೀಸ್ ಚೆಕ್‌ಪೋಸ್ಟ್ ಇದೆ. ಗಾಡಿಯ ನೋಂದಣಿ ಕಾರ್ಡು, ನಿಮ್ಮ ಲೈಸೆನ್ಸ್ ಕೇಳುತ್ತಾರೆ, ಸೆಡಾನ್ ಆದರೆ ಅಲ್ಲಿಂದಲೇ ತಿರುಗಿಸುತ್ತಾರೆ. ಮೇಲಿನವರೆಗೂ ಒಳ್ಳೆಯ ಡಾಂಬರು ರಸ್ತೆ ಇದ್ದಮೇಲೆ ಈ ನಿಯಮ ಯಾಕೆಂದು ಹಲವರು ಕೇಳುತ್ತಾರೆ. ಉತ್ತರ ಇಳಿಯುವಾಗ ಸಿಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಅದು ಕಾದು ಹಿಡಿತ ಬಿಡುತ್ತದೆ. ಬ್ರೇಕ್ ಕೈಕೊಟ್ಟ ಗಾಡಿಗಳಿಗೆಂದೇ ಪಕ್ಕದಲ್ಲಿ ಏರು ದಾರಿಗಳನ್ನು ಮಾಡಿದ್ದಾರೆ. ಲೋ ಗೇರಿಗೆ ಹಾಕಿ, ಎಂಜಿನ್ನೇ ಗಾಡಿಯನ್ನು ಹಿಡಿಯಲಿ.

ಬಾಡಿಗೆ ಕರಾರು ಪೂರ್ತಿ ಓದಿ. ಫೋರ್ ವ್ಹೀಲ್ ಕೊಟ್ಟರೂ ಮರಳಿನ ಮೇಲೆ, ವಾದಿಯ ನೀರಿನಲ್ಲಿ ಓಡಿಸಿ ಹಾನಿಯಾದರೆ ವಿಮೆ ಅನ್ವಯಿಸದೆಂದು ಸಾಮಾನ್ಯವಾಗಿ ಬರೆದಿರುತ್ತದೆ. ಊರಿನ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೇ ಹೊರಡಿ. ಗಾಡಿ ಓಡುವುದು ರಸ್ತೆಯ ಬಲಕ್ಕೆ. ವೃತ್ತದಲ್ಲಿ ಆಗಲೇ ಒಳಗಿರುವ ವಾಹನಕ್ಕೇ ಮೊದಲ ಹಕ್ಕು, ನುಗ್ಗಿದರೆ ತಪ್ಪು ನಿಮ್ಮದೇ. ಹೆದ್ದಾರಿಯ ವೇಗದ ಮಿತಿ ಹೆಚ್ಚಿನ ಕಡೆ ಗಂಟೆಗೆ 120 ಕಿ.ಮೀ., ಕ್ಯಾಮೆರಾ ಕೆಲವು ಕಿಲೋಮೀಟರಿಗೊಂದು. ಪೆಟ್ರೋಲ್ ಲೀಟರಿಗೆ 240 ಬೈಸಾ ಆಸುಪಾಸು, ಆದ್ದರಿಂದ ಖರ್ಚಿನ ಭಾರವೆಲ್ಲ ಬಾಡಿಗೆಯ ಮೇಲೆಯೇ.

ವಾರದ ಜೋಡಣೆಗೆ ಬರೋಣ. ರಜಾ ದಿನಗಳು ಶುಕ್ರವಾರ, ಶನಿವಾರ. ಮಸ್ಕತ್‌ನ ಸುಲ್ತಾನ್ ಕಾಬೂಸ್ ಮಹಾ ಮಸೀದಿಗೆ ಮುಸ್ಲಿಮೇತರರ ಪ್ರವೇಶ ಶನಿವಾರದಿಂದ ಗುರುವಾರದವರೆಗೆ, ಬೆಳಿಗ್ಗೆ 8ರಿಂದ 11ರವರೆಗೆ ಮಾತ್ರ. ನಿಜ್ವಾದ ಪ್ರಸಿದ್ಧ ಆಡಿನ ಸಂತೆ ನಡೆಯುವುದು ಶುಕ್ರವಾರ ಬೆಳಿಗ್ಗೆ. ವಾದಿ ಶಾಬ್‌ನಲ್ಲಿ ಶುಕ್ರ, ಶನಿ ಕಾಲಿಡಲು ಜಾಗವಿರುವುದಿಲ್ಲ. ಈ ಮೂರನ್ನೂ ಹೊಂದಿಸಿದರೆ ದಾರಿ ತಾನಾಗಿ ಮೂಡುತ್ತದೆ: ಶನಿವಾರ ಸಂಜೆ ಇಳಿದು, ಭಾನುವಾರ ಮಸ್ಕತ್, ಸೋಮವಾರ ಕರಾವಳಿ ಹಿಡಿದು ಸೂರ್ ಕಡೆ, ಮಂಗಳವಾರ ಮರಳುಗಾಡು, ಬುಧವಾರ ಜಬಲ್ ಅಖ್ದರ್, ಗುರುವಾರ ಕೋಟೆಗಳು ಮತ್ತು ನಿಜ್ವಾದಲ್ಲಿ ರಾತ್ರಿ, ಶುಕ್ರವಾರ ಸಂತೆ ಮುಗಿಸಿ ಜಬಲ್ ಶಮ್ಸ್, ಶನಿವಾರ ಮಧ್ಯಾಹ್ನದ ಮೇಲೆ ವಾಪಸ್. ತಿರುಗುಮುರುಗಾಗಿ ಹೋದರೆ ಇವುಗಳಲ್ಲಿ ಕನಿಷ್ಠ ಒಂದು ತಪ್ಪಿಹೋಗುತ್ತದೆ.

ಮಸೀದಿಗೆ ಎಂಟಕ್ಕೇ ಹೋಗಿ. ಒಂಬತ್ತೂವರೆಗೆ ಪ್ರವಾಸಿ ಬಸ್ಸುಗಳು ಬರುತ್ತವೆ. ಹೆಂಗಸರ ತಲೆ, ಮಣಿಕಟ್ಟು, ಪಾದದ ಕೀಲಿನವರೆಗೆ ಮುಚ್ಚಿರಬೇಕು. ಚೂಡಿದಾರ್ ಜೊತೆ ದೊಡ್ಡ ದುಪಟ್ಟಾ ಇದ್ದರೆ ಬಾಡಿಗೆ ಬಟ್ಟೆಯ ಖರ್ಚು ಉಳಿಯುತ್ತದೆ. ಮುಖ್ಯ ಪ್ರಾರ್ಥನಾ ಮಂದಿರದೊಳಗೆ ಹತ್ತು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ, ಹಾಗಾಗಿ ದೊಡ್ಡವರು ಸರದಿಯಲ್ಲಿ ಒಳಹೋಗಬೇಕಾಗುತ್ತದೆ. 2001ರಲ್ಲಿ ತೆರೆದ ಈ ಕಟ್ಟಡಕ್ಕೆ ಬಳಸಿದ ಮರಳುಗಲ್ಲು ಭಾರತದ್ದು. ಒಳಗಿನ ಒಂದೇ ಹಾಸಿನ ರತ್ನಗಂಬಳಿ 70 ಮೀಟರ್ ಉದ್ದ, 60 ಮೀಟರ್ ಅಗಲ, ತೂಕ 21 ಟನ್; ಇರಾನಿನ ಸುಮಾರು 600 ನೇಕಾರ್ತಿಯರು ನಾಲ್ಕು ವರ್ಷ ನೇಯ್ದದ್ದು. ಮತ್ರಾ ಸೂಕ್ (ಮಾರುಕಟ್ಟೆ) ಮಧ್ಯಾಹ್ನ ಬಾಗಿಲು ಹಾಕುತ್ತದೆ, ಸಂಜೆ ಐದರ ಮೇಲೆ ಹೋಗಿ.

ಕರಾವಳಿಯ ದಿನ ಏಳಕ್ಕೆ ಮಸ್ಕತ್ ಬಿಟ್ಟರೆ ಬಿಮ್ಮಾ ಕುಳಿಯಲ್ಲಿ ಜನವಿರುವುದಿಲ್ಲ. ಸುಣ್ಣಕಲ್ಲಿನ ಛಾವಣಿ ಕುಸಿದು ಆದ ಹೊಂಡ ಅದು, ನೀರು ಸ್ವಲ್ಪ ಉಪ್ಪು. ಟಿಕೆಟ್ ಇಲ್ಲ, ಅರ್ಧ ಗಂಟೆ ಸಾಕು. ಶಕ್ತಿಯನ್ನು ವಾದಿ ಶಾಬ್‌ಗೆ ಉಳಿಸಿಕೊಳ್ಳಿ. ಹೆದ್ದಾರಿ ಸೇತುವೆಯ ಕೆಳಗೆ ಕಾರು ನಿಲ್ಲಿಸಿ, ಒಂದು ರಿಯಾಲ್ ಕೊಟ್ಟು ಸಣ್ಣ ದೋಣಿಯಲ್ಲಿ ಆಚೆ ದಡಕ್ಕೆ ಹೋಗಬೇಕು. ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಆಗಲೇ ಕೇಳಿಟ್ಟುಕೊಳ್ಳಿ. ಅಲ್ಲಿಂದ 40–45 ನಿಮಿಷ ನಡಿಗೆ: ಮೊದಲು ಖರ್ಜೂರದ ತೋಟ, ಆಮೇಲೆ ದೊಡ್ಡ ಬಂಡೆಗಳು, ಬಂಡೆಯ ಅಂಚಿನ ಕಿರುದಾರಿ. ಚಪ್ಪಲಿಯಲ್ಲಿ ಹೋದವರು ಇಲ್ಲೇ ಜಾರುತ್ತಾರೆ. ನೀರಲ್ಲೂ ಕಳಚದ, ಹಿಡಿತವಿರುವ ಶೂ ಬೇಕು. ನಡಿಗೆ ಮುಗಿದ ಮೇಲೆ ಕೊಳಗಳು. ಕೆಲವು ಕಡೆ ಕಾಲು ನೆಲಕ್ಕೆ ಸಿಗುವುದಿಲ್ಲ. ಕೊನೆಯಲ್ಲಿ ತಲೆ ಮಾತ್ರ ನೀರ ಮೇಲೆ ತೂರುವಷ್ಟು ಕಿರಿದಾದ ಬಂಡೆಯ ಸಂದಿ. ಅದನ್ನು ಈಜಿ ದಾಟಿದರೆ ಗುಹೆ, ಗುಹೆಯೊಳಗೆ ಜಲಪಾತ. ಈಜು ಬಾರದವರು ಲೈಫ್ ಜಾಕೆಟ್ ಹಾಕಿಕೊಂಡರೂ ಮೊದಲ ಕೊಳದ ಬಳಿಯೇ ನಿಲ್ಲುವುದು ಒಳಿತು. ಫೋನಿಗೆ ನೀರು ಹೋಗದ ಚೀಲ ಒಯ್ಯಿರಿ, ಉಳಿದದ್ದು ಕಾರಿನಲ್ಲೇ ಇರಲಿ. ಊರಿನ ಜನ ತಿರುಗಾಡುವ ದಾರಿ ಇದು, ಟೀ ಶರ್ಟು, ಮೊಣಕಾಲು ಮುಚ್ಚುವ ಚಡ್ಡಿ ಮರ್ಯಾದೆ.

ಮಳೆಯ ಮುನ್ಸೂಚನೆ ಇದ್ದ ದಿನ ಯಾವ ವಾದಿಗೂ ಇಳಿಯಬೇಡಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಹತ್ತಾರು ಕಿಲೋಮೀಟರ್ ಆಚೆ ಬೆಟ್ಟದಲ್ಲಿ ಸುರಿದ ಮಳೆ ಕಣಿವೆಗೆ ಗೋಡೆಯಂತೆ ಬರುತ್ತದೆ. ಬರಿಯ ಬಂಡೆ ನೀರು ಹೀರುವುದಿಲ್ಲ. ರಸ್ತೆಯ ಮೇಲೆ ಹರಿಯುವ ನೀರು ಆಳವಿಲ್ಲದಂತೆ ಕಂಡರೂ ಕಾರು ಇಳಿಸಬಾರದು. 2024ರ ಏಪ್ರಿಲ್‌ನಲ್ಲಿ ಸಮದ್ ಅಲ್ ಶಾನ್ ಬಳಿ ವಾಹನ ಕೊಚ್ಚಿಹೋಗಿ ಶಾಲಾ ಮಕ್ಕಳೇ ಸತ್ತರು.

ಸೂರ್‌ಗೆ ಸ್ವಲ್ಪ ಮುಂಚೆ ಕಲ್ಹಾತ್, 2018ರಿಂದ ವಿಶ್ವ ಪರಂಪರೆಯ ತಾಣ. ಭಾರತದ ಪಶ್ಚಿಮ ಕರಾವಳಿಗೆ ಅರಬ್ಬೀ ಕುದುರೆಗಳನ್ನು ಹಡಗೇರಿಸುತ್ತಿದ್ದ ಬಂದರು ಇದು. ಈಗ ಉಳಿದಿರುವುದು ಬೀಬಿ ಮರ್ಯಂ ಸಮಾಧಿ ಮತ್ತು ಕಲ್ಲುರಾಶಿ. ಅಲ್ಲಿಂದ ಮುಂದೆ ರಾಸ್ ಅಲ್ ಜಿನ್ಸ್‌ನಲ್ಲಿ ಹಸಿರು ಕಡಲಾಮೆಗಳು ಮೊಟ್ಟೆಯಿಡುವುದನ್ನು ನೋಡಬಹುದು. ರಾತ್ರಿ ಒಂಬತ್ತರ ಸುಮಾರಿಗೆ ಒಂದು, ನಸುಕಿನಲ್ಲಿ ಇನ್ನೊಂದು ತಂಡ, ಮಾರ್ಗದರ್ಶಿಯ ಜೊತೆಗೇ. ಆಮೆಗಳು ವರ್ಷವಿಡೀ ಬರುತ್ತವೆ, ಆದರೆ ಹಿಂಡಾಗಿ ಬರುವುದು ಬೇಸಿಗೆಯಲ್ಲಿ. ಡಿಸೆಂಬರ್‌ನಲ್ಲಿ ಒಂದೆರಡು ಕಂಡರೆ ಅದೃಷ್ಟ. ಅಲ್ಲೇ ತಂಗಿ ನಸುಕಿನ ತಂಡ ಸೇರುವುದು ಲೇಸು: ಜನ ಕಡಿಮೆ, ಬೆಳಕು ಮೂಡುವಾಗ ಫ್ಲ್ಯಾಶ್ ಇಲ್ಲದೆ ಕಣ್ಣಿಗೆ ಕಾಣುತ್ತದೆ.

ಮರಳುಗಾಡಿಗೆ ಹೋಗುವ ದಾರಿಯಲ್ಲಿ ವಾದಿ ಬನಿ ಖಾಲಿದ್ ಸಿಗುತ್ತದೆ. ಮಕ್ಕಳು, ವಯಸ್ಸಾದವರು ಇರುವವರಿಗೆ ವಾದಿ ಶಾಬ್‌ಗಿಂತ ಇದೇ ಸರಿ, ಕಾರು ನಿಲ್ಲಿಸಿ ಹತ್ತು ನಿಮಿಷ ನಡೆದರೆ ಕೊಳ. ಶರ್ಕಿಯಾ ಮರಳುಗಾಡಿಗೆ ಬಿದಿಯಾ ಅಥವಾ ಅಲ್ ವಾಸಿಲ್ ಹೆಬ್ಬಾಗಿಲು. ಮರಳಿನಲ್ಲಿ ಓಡಿಸಿ ಅಭ್ಯಾಸವಿಲ್ಲದವರು ಕಾರು ಊರಿನಲ್ಲೇ ಬಿಟ್ಟು ಕ್ಯಾಂಪ್‌ನವರ ಗಾಡಿಯಲ್ಲಿ ಹೋಗಿ. ಆ ಹಣ ದಂಡವಲ್ಲ. ಸ್ವತಃ ಓಡಿಸುವವರು ಟೈರಿನ ಗಾಳಿಯನ್ನು 35 ಪಿಎಸ್‌ಐನಿಂದ 15–18ಕ್ಕೆ ಇಳಿಸಬೇಕು, ಬಿದಿಯಾದ ಟೈರ್ ಅಂಗಡಿಗಳವರಿಗೆ ಇದು ದಿನದ ಕೆಲಸ. ಗಾಳಿ ಇಳಿದರೆ ಟೈರ್ ಅಗಲವಾಗಿ ಹರಡಿ ಮರಳಿನ ಮೇಲೆ ತೇಲುತ್ತದೆ. ಆದರೆ ಅಂಥ ಟೈರಿನಲ್ಲಿ ಸ್ಟಿಯರಿಂಗ್ ರಪ್ಪನೆ ತಿರುಗಿಸಿದರೆ ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ದಿಬ್ಬ ಹತ್ತುವಾಗ ನಿಲ್ಲಿಸಬೇಡಿ, ನಿಲ್ಲಿಸುವುದಾದರೆ ಇಳಿಜಾರಿಗೆ ಮುಖ ಮಾಡಿ. ಹೂತುಕೊಂಡಾಗ ಆಕ್ಸಿಲರೇಟರ್ ಒತ್ತುವುದೇ ಎಲ್ಲರೂ ಮಾಡುವ ತಪ್ಪು: ಚಕ್ರ ತನಗೆ ತಾನೇ ಗುಂಡಿ ತೋಡುತ್ತದೆ. ಇಳಿದು ಚಕ್ರಗಳ ಮುಂದಿನ, ಹಿಂದಿನ ಮರಳು ಕೆದಕಿ, ಗಾಳಿ ಇನ್ನೂ ಸ್ವಲ್ಪ ಬಿಟ್ಟು, ಬಂದ ಜಾಡಿನಲ್ಲೇ ನಿಧಾನ ಹಿಂದಕ್ಕೆ ತೆಗೆಯಿರಿ. ಬೆಳಿಗ್ಗೆ ಮರಳು ಗಟ್ಟಿ, ಮಧ್ಯಾಹ್ನ ಸಡಿಲ. ಹೆದ್ದಾರಿಗೆ ಮರಳುವ ಮುನ್ನ ಗಾಳಿ ತುಂಬಿಸಲೇಬೇಕು. ಮೆತ್ತಗಿನ ಟೈರು 120ರ ವೇಗದಲ್ಲಿ ಕಾದು ಸಿಡಿಯುತ್ತದೆ.

ನಿಜ್ವಾ ಕೋಟೆ 17ನೇ ಶತಮಾನದ್ದು, ಕಟ್ಟಿಸಿದವನು ಇಮಾಮ್ ಸುಲ್ತಾನ್ ಬಿನ್ ಸೈಫ್. ದುಂಡು ಬುರುಜಿನ ಮೆಟ್ಟಿಲುಗಳಲ್ಲಿ ಬಾಗಿಲ ಮೇಲಿನ ರಂಧ್ರಗಳನ್ನು ಗಮನಿಸಿ: ನುಗ್ಗಿದ ಶತ್ರುವಿನ ತಲೆಗೆ ಕುದಿಯುವ ಖರ್ಜೂರದ ಪಾಕ ಸುರಿಯುತ್ತಿದ್ದುದು ಅಲ್ಲಿಂದ. ಸಂತೆ ಬೆಳಿಗ್ಗೆ ಏಳರ ಹೊತ್ತಿಗೆ ರಂಗೇರಿ ಒಂಬತ್ತಕ್ಕೆ ತಣ್ಣಗಾಗುತ್ತದೆ. ಮಾರುವವರು ಆಡು ಹಿಡಿದು ಸುತ್ತು ಬರುತ್ತಾರೆ, ಕೊಳ್ಳುವವರು ಕೂತಲ್ಲೇ ಬೆಲೆ ಕೂಗುತ್ತಾರೆ. ಹಳ್ಳಿಯಿಂದ ಬಂದ ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ. ಬಹ್ಲಾ ಕೋಟೆ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ (1987), ಗಾತ್ರವೂ ಭಾರಿ, ಆದರೆ ಒಳಗೆ ಹೆಚ್ಚುಕಡಿಮೆ ಖಾಲಿ. ಒಂದಕ್ಕೇ ಸಮಯವಿದ್ದರೆ ಪಕ್ಕದ ಜಬ್ರೀನ್ ಕೋಟೆ ಆರಿಸಿ. ಚಿತ್ರಿಸಿದ ಮರದ ಛಾವಣಿಗಳನ್ನು ನೋಡಿದ ಮೇಲೆ ಬಹ್ಲಾದ ನೆನಪಾಗುವುದಿಲ್ಲ. ಬಿರ್ಕತ್ ಅಲ್ ಮೌಜ್‌ನಲ್ಲಿ ಫಲಜ್ ಕಾಲುವೆ ಹರಿಯುವುದನ್ನೂ ನೋಡಿ. ನೆಲದಡಿಯ ನೀರನ್ನು ಪಂಪಿಲ್ಲದೆ, ಇಳಿಜಾರಿನ ಬಲದಿಂದಲೇ ತೋಟಕ್ಕೆ ತರುವ ಈ ವ್ಯವಸ್ಥೆಯ ಐದು ಕಾಲುವೆಗಳು 2006ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು.

ಜಬಲ್ ಶಮ್ಸ್‌ನ ‘ಬಾಲ್ಕನಿ’ ನಡಿಗೆ ಅಲ್ ಖಿತೈಮ್‌ನಿಂದ ಶುರು. ಹೋಗಿ ಬರಲು ಮೂರರಿಂದ ನಾಲ್ಕು ಗಂಟೆ, ದಾರಿ ಹೆಚ್ಚು ಏರಿಳಿತವಿಲ್ಲದ್ದು, ಆದರೆ ಒಂದು ಮಗ್ಗುಲಿಗೆ ನೂರಾರು ಮೀಟರ್ ಪ್ರಪಾತ, ಕಟಾಂಜನವಿಲ್ಲ. ತಲೆ ತಿರುಗುವವರು, ಓಡುವ ವಯಸ್ಸಿನ ಮಕ್ಕಳಿರುವವರು ಮೇಲಿನ ನೋಟತಾಣದಲ್ಲೇ ನಿಂತು ತೃಪ್ತಿಪಡಿ. ಒಬ್ಬೊಬ್ಬರಿಗೆ ಎರಡು ಲೀಟರಿನಂತೆ ನೀರು ಹೊತ್ತುಕೊಂಡು ಹೋಗಿ, ದಾರಿಯಲ್ಲಿ ಅಂಗಡಿಯಿಲ್ಲ. ಜನವರಿಯ ರಾತ್ರಿ ಇಲ್ಲಿ ಸೊನ್ನೆಯ ಹತ್ತಿರ ಇಳಿಯುತ್ತದೆ. ಮರಳುಗಾಡಿಗೆ ಹೊರಟವರು ಸ್ವೆಟರ್ ತರುವುದಿಲ್ಲ, ಅದೇ ಎಡವಟ್ಟು. ಇನ್ನೊಂದು ಬಲೆ ಫೋನಿನ ನಕ್ಷೆಯದು. ಬೆಟ್ಟದ ಈಚೆಯ ಅಲ್ ಹಮ್ರಾದಿಂದ ಆಚೆಯ ರುಸ್ತಾಕ್‌ಗೆ ಅದು ತೋರಿಸುವ ಹತ್ತಿರದ ದಾರಿ ವಾದಿ ಬನಿ ಔಫ್‌ಗೆ ಇಳಿಯುವ ಕಡಿದಾದ ಕಚ್ಚಾ ರಸ್ತೆ. ಸುತ್ತು ಹೆಚ್ಚಾದರೂ ಹೆದ್ದಾರಿ ಹಿಡಿಯಿರಿ.

ಊಟದ ಚಿಂತೆ ಸಸ್ಯಾಹಾರಿಗಳಿಗೂ ಅಷ್ಟಿಲ್ಲ. ಮಸ್ಕತ್‌ನ ರುವಿಯಲ್ಲಿ ದೋಸೆ, ಇಡ್ಲಿ ಸಿಗುತ್ತವೆ. ಸಣ್ಣ ಊರುಗಳಲ್ಲೂ ಕೇರಳದವರು ನಡೆಸುವ ಕಾಫಿ ಶಾಪ್‌ಗಳಿವೆ, ಪರೋಟ ಮತ್ತು ಕಡಕ್ ಚಹಾ ಖಾತ್ರಿ. ಮರಳುಗಾಡಿನ ಕ್ಯಾಂಪಿಗೆ ಮಾತ್ರ ಸಸ್ಯಾಹಾರವೆಂದು ಬುಕ್ ಮಾಡುವಾಗಲೇ ಹೇಳಿ, ಇಲ್ಲದಿದ್ದರೆ ಅನ್ನ, ಹಮ್ಮಸ್ ಅಷ್ಟೇ ಉಳಿಯುತ್ತದೆ.

ದಕ್ಷಿಣ ಒಮಾನ್‌ನ ಸಲಾಲಾವನ್ನು ಇದೇ ವಾರಕ್ಕೆ ತುರುಕಬೇಡಿ, ಮಸ್ಕತ್‌ನಿಂದ ಸುಮಾರು 1000 ಕಿ.ಮೀ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಅಲ್ಲಿನ ಮುಂಗಾರು ಖರೀಫ್ ನೋಡಲು ಕೊಲ್ಲಿಯ ಜನವೆಲ್ಲ ಮುಗಿಬೀಳುತ್ತಾರೆ, ಹೋಟೆಲ್ ದರ ಏರುತ್ತದೆ. ಮಲೆನಾಡಿನವರಿಗೆ ಆ ಜಿಟಿಜಿಟಿ, ಆ ಮಂಜು ಹೊಸತಲ್ಲ. ಸೆಪ್ಟೆಂಬರ್ ಕೊನೆಗೆ ಹೋದರೆ ಮಳೆ ನಿಂತಿರುತ್ತದೆ, ಹಸಿರು ಉಳಿದಿರುತ್ತದೆ, ಸುಂಹುರಂ ಬಂದರಿನ ಅವಶೇಷವನ್ನು ನೆಮ್ಮದಿಯಾಗಿ ಸುತ್ತಬಹುದು. ಲೋಬಾನ ಹಡಗೇರುತ್ತಿದ್ದ ಆ ಪ್ರಾಚೀನ ಬಂದರಿನ ಉತ್ಖನನದಲ್ಲಿ ಭಾರತದ ಕಂಚಿನ ಶಾಲಭಂಜಿಕೆಯೊಂದರ ತುಣುಕು ಸಿಕ್ಕಿತ್ತು. ಲೋಬಾನ ಕೊಳ್ಳುವುದಾದರೆ ತಿಳಿ ಹಸಿರು ಬಣ್ಣದ ಹರಳು ಕೇಳಿ. ಕಂದು ಬಣ್ಣದ್ದು ಅಗ್ಗ, ಹೊಗೆ ಹೆಚ್ಚು.